ಬಳಿಯಿದ್ದ ಮಾತ್ರಕ್ಕೆ ಬಳಕೆಯಾದೀತೇ?

ಕಳೆದ ಸಂಚಿಕೆಯ ‘ಬೆರೆತರೆ ಸಾಕು’ ಲೇಖನವನ್ನು ಓದಿದವರೊಬ್ಬರು ಆಕ್ಷೇಪವೆತ್ತಿದ್ದಾರೆ. ತಮ್ಮ ಕಚೇರಿಯಲ್ಲಿ ನಾನಾ ಸಮುದಾಯದವರು 20 ವರ್ಷಗಳಿಂದ ಅಕ್ಕಪಕ್ಕ ಕುಳಿತು ದುಡಿಯುತ್ತಿದ್ದರೂ, ವರ್ಷಕ್ಕೊಮ್ಮೆ ಸ್ನೇಹಕೂಟ ನಡೆದರೂ, ಪರಸ್ಪರ ತಾತ್ಸಾರ ಎಳ್ಳಷ್ಟೂ ಕರಗಿಲ್ಲವಂತೆ. ಒಡನಾಟದಿಂದ ಪೂರ್ವಗ್ರಹ ಅಳಿಯುತ್ತದೆ ಎಂಬುದು ಬರೀ ಆಸೆಯ ಮಾತಲ್ಲವೇ ಎಂದು ಅವರು ಕೇಳುತ್ತಾರೆ.

ಆಸೆಯ ಮಾತಲ್ಲ, ಆದರೆ ತಾವು ಕಂಡದ್ದೂ ಸುಳ್ಳಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಈ ವಾದವನ್ನು ಮಂಡಿಸಿದಾಗಲೇ, ಸೇರುವವರು ಸಮಾನ ಸ್ಥಾನದಲ್ಲಿರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಜೊತೆಗೂಡಿ ದುಡಿಯಬೇಕು, ಮೇಲಿನವರ ಬೆಂಬಲವೂ ಇರಬೇಕು ಎಂದಿದ್ದರು. ತಮ್ಮ ಕಚೇರಿಯಲ್ಲಿ ಕಡತ ಹೊರುವವರು ಯಾರು, ಸಹಿ ಹಾಕುವವರು ಯಾರು ಎಂಬುದನ್ನು ತಾವು ತಿಳಿಸಿಲ್ಲ. ನಾನಾದರೆ ಮೊದಲು ಅದನ್ನೇ ವಿಚಾರಿಸುತ್ತಿದ್ದೆ.

ಸ್ನೇಹಕೂಟದ ಮಾತಿಗೆ ಬಂದರೆ, ಅದೇ 1954ರಲ್ಲಿ ಅಮೆರಿಕದ ಒಕ್ಲಹೋಮದ ಶಿಬಿರವೊಂದರಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ ಮತ್ತು ಸಂಗಡಿಗರು 22 ಹುಡುಗರನ್ನು ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟಿದ್ದರು. ಹಗೆ ಬೆಳೆದ ಮೇಲೆ ಎರಡೂ ಗುಂಪುಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ, ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎರಚಾಡಿದರು. ಆಮೇಲೆ ಶಿಬಿರಕ್ಕೆ ನೀರು ಬರುವುದು ನಿಂತಿತು, ಊಟ ತರಬೇಕಾದ ಲಾರಿ ಕೆಟ್ಟು ನಿಂತಿತು (ಎರಡೂ ಸಂಶೋಧಕರದೇ ಹೂಟ). ಹಿಂದೆ ಹಗ್ಗಜಗ್ಗಾಟದಲ್ಲಿ ಎದುರುಬದುರು ನಿಂತು ಎಳೆದಿದ್ದ ಅದೇ ಹಗ್ಗವನ್ನು ಲಾರಿಗೆ ಕಟ್ಟಿ, ಈ ಸಲ ಎಲ್ಲರೂ ಒಂದೇ ಕಡೆ ನಿಂತು ಎಳೆದರು. ಇಂಥ ಕೆಲಸಗಳು ಒಂದರ ಮೇಲೊಂದು ಬಂದಂತೆ ಹಗೆ ಸಡಿಲಿತು.

ಹೆಚ್ಚು ಹತ್ತಿರದ ನಿದರ್ಶನವೂ ಇದೆ. ಉತ್ತರ ಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಏರ್ಪಡಿಸಿದ್ದ ಕ್ರಿಕೆಟ್ ಪಂದ್ಯಾವಳಿಯಲ್ಲಿ ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಿಗೆ ಆ ಜಾತಿಗಳ ಗೆಳೆಯರು ಹೆಚ್ಚಾದರು. ಎದುರಾಳಿಗಳಾಗಿ ಭೇಟಿಯಾದವರ ನಡುವೆ ಒಡನಾಟ ಸಾಮಾನ್ಯವಾಗಿ ಕುಗ್ಗಿತು. ಆಟವೂ ಅದೇ, ಮೈದಾನವೂ ಅದೇ.

2006ರಲ್ಲಿ ಮನಶ್ಶಾಸ್ತ್ರಜ್ಞರಾದ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡನಾಟ ಹೆಚ್ಚಿದ್ದಲ್ಲಿ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆಯೇ ಇತ್ತು. ಎದುರಿನವರ ಬಗ್ಗೆ ತಿಳಿವಳಿಕೆ ಬೆಳೆದದ್ದಕ್ಕಿಂತಲೂ ಅವರೊಡನೆ ವ್ಯವಹರಿಸುವಾಗಿನ ಅಳುಕು ಇಳಿದದ್ದೇ ಇದಕ್ಕೆ ಹೆಚ್ಚು ಕಾರಣವೆಂದು ಅವರು ಬಳಿಕ ತೋರಿಸಿದರು. ಬರೀ ತಿಳಿವಳಿಕೆ ಕೊಡುವ ಭಾಷಣಗಳು ಏಕೆ ನಾಟುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಆಗಲೇ.

ಮಿತಿಯೂ ಉಂಟು. ಇರಾಕಿನಲ್ಲಿ ಮುಸ್ಲಿಮರೊಡನೆ ಒಂದೇ ಫುಟ್ಬಾಲ್ ತಂಡದಲ್ಲಿ ಆಡಿದ ಕ್ರೈಸ್ತ ಯುವಕರ ನಡವಳಿಕೆ ಮೈದಾನದಲ್ಲಿ ಬದಲಾದಷ್ಟು ಅದರಾಚೆಗೆ ಬದಲಾಗಲಿಲ್ಲವೆಂದು ಸಂಶೋಧಕಿ ಸಲ್ಮಾ ಮೂಸಾ 2020ರಲ್ಲಿ ವರದಿ ಮಾಡಿದ್ದಾರೆ. ಹೀಗಿರುವಾಗ ನಮ್ಮ ಶೀರ್ಷಿಕೆಯ ‘ಸಾಕು’ ಎಂಬ ಪದವನ್ನು ನಾವು ಹೊಡೆದುಹಾಕಬೇಕಾಗಿತ್ತು. ಅದನ್ನು ಇಟ್ಟದ್ದು ಲೇಖಕರಲ್ಲ, ನಾನು.