ಅಟ್ಟದಿಂದ ಇಳಿಸಿದ ಡ್ರಿಲ್ ಮಷೀನು: ಕಿಡಿ ಬೇರೆ, ಜುಮ್ ಬೇರೆ

ತೀರ್ಥಹಳ್ಳಿ ಕಡೆಯ ಸದಸ್ಯರು ಕೇಳಿದ್ದು ಇಷ್ಟು. ಮಳೆಗಾಲವಿಡೀ ಅಟ್ಟದಲ್ಲಿದ್ದ ವೈರಿನ ಡ್ರಿಲ್ ಈಗ ಹಾಕಿದರೆ ಕಿಡಿ ಹಾರುತ್ತದೆ, ಕೈಗೆ ಜುಮ್ ಅನ್ನುತ್ತದೆ. ಕೊಟ್ಟಿಗೆಯ ಜಂಬಿಟ್ಟಿಗೆ ಗೋಡೆಗೆ ಪೈಪ್ ಕ್ಲ್ಯಾಂಪ್ ಹಾಕಬೇಕು, ಹಾಗೇ ಬಳಸಬಹುದಾ?

ಬೇಡ. ಜುಮ್ ಅಂದ ಮೇಲೆ ಪಿನ್ ಕಿತ್ತು ಬದಿಗಿಡಿ.

ಕಿಡಿಗಿಂತ ಈ ಜುಮ್ ದೊಡ್ಡ ವಿಷಯ. ಮಷೀನಿನ ಪ್ಲೇಟಿನಲ್ಲಿ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಶನ್, ಅಂದರೆ ಕರೆಂಟ್ ಹೊರಗೆ ಬಾರದಂತೆ ಎರಡು ಪದರದ ರಕ್ಷಣೆ. ಅದರಲ್ಲಿ ಅರ್ತ್ ವೈರೇ ಇರುವುದಿಲ್ಲ, ಹಾಗಾಗಿ ಮನೆಯ ಅರ್ತಿಂಗ್ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಪ್ರಯೋಜನವಿಲ್ಲ. ಒಳಗೆ ಕೂತ ಸಿಮೆಂಟ್ ಧೂಳು, ಕಾರ್ಬನ್ ಪುಡಿ ನಮ್ಮ ಮಲೆನಾಡಿನ ಥಂಡಿ ಹೀರಿಕೊಂಡರೆ ಕರೆಂಟ್ ಹೊರಗೆ ಬರಲು ದಾರಿ ಆಗುತ್ತದೆ. ಗಾಳಿಕಿಂಡಿಯ ಧೂಳು ಊದಿ ತೆಗೆದು ಬಿಸಿಲಲ್ಲಿ ಒಣಗಿಸಿ. ಒಲೆಯ ಮೇಲೆ ಅಡಿಕೆ ಥರ ತೂಗುಹಾಕಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಣಗಿತಾ ಅಂತ ಕೈಯಲ್ಲಿ ಹಿಡಿದು ನೋಡುವುದೂ ಬೇಡ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಇನ್ಸುಲೇಶನ್ ಸರಿ ಇದೆಯಾ ಅಂತ ಅಳೆಯುವ ಮೀಟರ್) ಇಟ್ಟು ನೋಡಿಸಿ.

ವೈರು ಹಿಡಿಯೊಳಗೆ ಹೋಗುವ ಕುತ್ತಿಗೆಯ ಹತ್ತಿರ ಬಗ್ಗಿಸಿ ನೋಡಿ, ಬಿರುಕು ಸಾಮಾನ್ಯ ಅಲ್ಲೇ. ಅಟ್ಟದಲ್ಲಿತ್ತು ಅಂದರೆ ಇಲಿ ಕಡಿದಿರಲೂಬಹುದು. ಟೇಪ್ ಸುತ್ತಿ ಸಮಾಧಾನ ಪಡಬೇಡಿ, ಪೂರ್ತಿ ವೈರ್ ಬದಲಿಸಿ.

ಇನ್ನು ಕಿಡಿ. ಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಕಿಲ್ಲ, ಈ ಮೋಟಾರ್ ಇರುವುದೇ ಹಾಗೆ. ಸುತ್ತಲೂ ಬೆಂಕಿಯ ಬಳೆ ಹಾಗೆ ಕಂಡು, ಸುಟ್ಟ ವಾಸನೆ ಬಂದು, ಶಕ್ತಿ ಕಡಿಮೆಯಾದರೆ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಎರಡು ಕಾರ್ಬನ್ ತುಂಡು) ಸವೆದಿರಬೇಕು. ಎರಡನ್ನೂ ಒಟ್ಟಿಗೇ ಬದಲಿಸಿ, ಪಿನ್ ಕಿತ್ತೇ ಬಿಚ್ಚಿ. ಹೊಸದು ಹಾಕಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಖಾಲಿ ಓಡಿಸಿ, ಬ್ರಷ್ ಕೂತುಕೊಳ್ಳುತ್ತದೆ.

ಕೊಟ್ಟಿಗೆ ನೆಲ ಯಾವಾಗಲೂ ಒದ್ದೆ ಅಲ್ವಾ? ಒಣ ಹಲಗೆ ಹಾಕಿ, ಚಪ್ಪಲಿ ಮೆಟ್ಟಿ ನಿಲ್ಲಿ. ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಎಂಸಿಬಿ ಇದೆಯಲ್ಲಾ ಅನ್ನಬೇಡಿ, ಅದು ಇರುವುದು ವೈರ್ ಸುಡದಿರಲಿ ಅಂತ, ಮನುಷ್ಯನಿಗಲ್ಲ. ಎಕ್ಸ್‌ಟೆನ್ಶನ್ ವೈರ್ 1.5 ಚದರ ಮಿಮೀ ಇರಲಿ, ಸುರುಳಿ ಪೂರ್ತಿ ಬಿಚ್ಚಿ. ಸುತ್ತಿಟ್ಟರೆ ಕಾಯುತ್ತದೆ.

ಜಂಬಿಟ್ಟಿಗೆಯಲ್ಲಿ ಹ್ಯಾಮರ್ (ಕುಟ್ಟುತ್ತಾ ಕೊರೆಯುವುದು) ಹಾಕಬೇಡಿ, ತೂತು ದೊಡ್ಡದಾಗಿ ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ತುಂಡು) ಸಡಿಲ ಆಗುತ್ತದೆ. ಗೋಡೆಯ ಬಿಟ್ ಹಾಕಿ ನಿಧಾನಕ್ಕೆ ಕೊರೆಯಿರಿ, ಉದ್ದದ ಗಿಟ್ಟಿ ಬಳಸಿ. ಕಲ್ಲಿನೊಳಗೆ ಪೊಳ್ಳು ಇರುತ್ತದೆ. ಬಿಟ್ ಅದರೊಳಗೆ ಗಬಕ್ಕನೆ ಇಳಿದು ಅಂಚಿಗೆ ಸಿಕ್ಕಿಕೊಂಡರೆ ಮಷೀನೇ ತಿರುಗಿ ಮಣಿಕಟ್ಟು ತಿರುಚುತ್ತದೆ. ಅದಕ್ಕೇ ಪಕ್ಕದ ಹಿಡಿ ಕಡ್ಡಾಯ. ಸಿಕ್ಕಿಕೊಂಡರೆ ಸ್ವಿಚ್ ಒತ್ತುತ್ತಾ ಇರಬೇಡಿ. ಪಿನ್ ಕಿತ್ತು ಚಕ್ ಅನ್ನು (ಬಿಟ್ ಹಿಡಿಯುವ ಬಾಯಿ) ಕೈಯಲ್ಲೇ ಹಿಂದಕ್ಕೆ ತಿರುಗಿಸಿ.

ಸ್ವಿಚ್ಚಿನ ಲಾಕ್ ಬಟನ್ ನಾನಂತೂ ಮುಟ್ಟುವುದಿಲ್ಲ. ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆ. ಲಾಕ್ ಹಾಕಿದ ಮಷೀನನ್ನು ಏಣಿಯ ಮೇಲಿಟ್ಟು ಕೆಳಗಿಳಿದಿರುತ್ತೀರಿ, ಕರೆಂಟ್ ಬಂದ ತಕ್ಷಣ ಅದು ತಾನೇ ತಿರುಗುತ್ತದೆ. ಚಕ್ ಕೀ ಅನ್ನು ವೈರಿನ ಪಿನ್ ತುದಿಗೇ ಕಟ್ಟಿಡಿ. ಪಿನ್ ಕೀಳದೆ ಬಿಟ್ ಬದಲಿಸಲು ಆಗುವುದೇ ಇಲ್ಲ.

ಕನ್ನಡಕ ಹಾಕಿ, ಹೆಗಲ ಟವೆಲ್ ತೆಗೆದಿಡಿ. ಕೈಗವಸು ಬೇಡ, ತಿರುಗುವ ಚಕ್ ಅದನ್ನು ಎಳೆದುಕೊಳ್ಳುತ್ತದೆ. ಮುಂದಿನ ಮಳೆಗಾಲಕ್ಕೆ ಬಿಟ್‌ಗಳಿಗೆ ತೆಳುವಾಗಿ ಎಣ್ಣೆ ಸವರಿ, ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಪ್ಲೇಟಿನ ಫೋಟೋ ಇಲ್ಲಿ ಹಾಕಿ, ಯಾವ ಕಾರ್ಬನ್ ಹಿಡಿಯುತ್ತದೆ ನೋಡೋಣ.