ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಾಂಡಕೋಶ ಚಿಕಿತ್ಸೆಯಿಂದ ಉರಿಯೂತ ತಗ್ಗುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಕೆಲವು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಬೆಳಿಗ್ಗೆ ಬೆರಳ ಗಂಟುಗಳು ಊದಿಕೊಂಡಿರುತ್ತವೆ, ಹತ್ತು ಗಂಟೆಯಾದರೂ ಚಹಾದ ಲೋಟ ಹಿಡಿಯಲಾಗುವುದಿಲ್ಲ. ಅಡಿಕೆ ಸುಲಿಯುವುದನ್ನು ನಿಲ್ಲಿಸಿಬಿಟ್ಟಿದ್ದಾರೆ. ಮಂಗಳೂರಿನ ವೈದ್ಯರು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರೆ. ಈಚೆಗೆ ಬಂಧುವೊಬ್ಬರು ದೂರದ ನಗರದ ಚಿಕಿತ್ಸಾ ಕೇಂದ್ರವೊಂದರ ಕರಪತ್ರ ತಂದುಕೊಟ್ಟರು. ಹೊಕ್ಕುಳಬಳ್ಳಿಯ ಕಾಂಡಕೋಶಗಳನ್ನು (ಸ್ಟೆಮ್ ಸೆಲ್, ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳು) ರಕ್ತನಾಳಕ್ಕೆ ಏರಿಸಿದರೆ ಅವು ಹೊಸ ಕೀಲಾಗಿ ಬೆಳೆಯುತ್ತವೆ, ಆಮೇಲೆ ಮಾತ್ರೆಗಳನ್ನು ಬಿಟ್ಟುಬಿಡಬಹುದು ಎಂದು ಅದರಲ್ಲಿದೆ. ಇದು ನಿಜವೇ? — ಬದಿಯಡ್ಕದ ಓದುಗರು

ಉತ್ತರ: ಕರಪತ್ರದ ಮೊದಲ ಮಾತು ತಪ್ಪು, ಎರಡನೆಯದು ಅಪಾಯಕಾರಿ. ಆದರೆ ಈ ಚಿಕಿತ್ಸೆಯ ಹಿಂದಿರುವ ವಿಜ್ಞಾನ ಪೊಳ್ಳಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರುಮಟಾಯ್ಡ್ ಸಂಧಿವಾತದಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಸೋಂಕಿನ ವಿರುದ್ಧ ಹೋರಾಡಬೇಕಾದ ಟಿ ಕೋಶಗಳೂ ಬಿ ಕೋಶಗಳೂ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತವೆ. ಅವುಗಳ ಸಂಕೇತಕ್ಕೆ ಓಗೊಟ್ಟು ಬರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಮುಂತಾದ ಪ್ರೋಟೀನುಗಳನ್ನು ಸ್ರವಿಸುತ್ತವೆ. ನಿಮ್ಮ ತಾಯಿಯ ಬೆರಳುಗಳ ಊತ, ಬಿಸಿ, ಬೆಳಗಿನ ಬಿಗಿತ ಇವೆಲ್ಲವೂ ಈ ಪ್ರೋಟೀನುಗಳ ಕೆಲಸ.

ಹೊಕ್ಕುಳಬಳ್ಳಿ, ಅಸ್ಥಿಮಜ್ಜೆ ಅಥವಾ ಕೊಬ್ಬಿನಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುವ ಇಂತಹ ಕಾಂಡಕೋಶಗಳನ್ನು ಮೆಸೆಂಕೈಮಲ್ ಕೋಶಗಳೆನ್ನುತ್ತಾರೆ. ರಕ್ತನಾಳಕ್ಕೆ ಏರಿಸಿದಾಗ ಇವುಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಕೂದಲೆಳೆಯಂತಹ ರಕ್ತನಾಳಗಳಲ್ಲಿಯೇ ಸಿಕ್ಕಿಕೊಂಡು ಒಂದೆರಡು ದಿನಗಳಲ್ಲಿ ಸಾಯುತ್ತವೆ ಎಂಬುದು ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಬೆರಳ ಗಂಟಿನವರೆಗೆ ತಲುಪದ ಕೋಶ ಅಲ್ಲಿ ಹೊಸ ಕೀಲಾಗುವುದು ಹೇಗೆ? ಹಾಗಿದ್ದರೂ ಕೆಲವು ರೋಗಗಳಲ್ಲಿ ಉರಿಯೂತ ತಗ್ಗಿದ್ದುಂಟು. ಅದಕ್ಕೆ ಕಾರಣ ಈ ಕೋಶಗಳು ಬದುಕಿರುವ ಅಲ್ಪ ಕಾಲದಲ್ಲಿ, ಮತ್ತು ಸಾಯುವಾಗಲೂ, ರೋಗನಿರೋಧಕ ಕೋಶಗಳ ನಡವಳಿಕೆಯನ್ನು ಬದಲಿಸುವುದು.

ಮೆಸೆಂಕೈಮಲ್ ಕೋಶಗಳಲ್ಲಿರುವ ಐಡಿಒ ಎಂಬ ಕಿಣ್ವ ಸುತ್ತಲಿನ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆದುಹಾಕುತ್ತದೆ. ಅದಿಲ್ಲದೆ ಟಿ ಕೋಶಗಳು ವಿಭಜನೆಗೊಂಡು ಹೆಚ್ಚಲಾರವು. ಮೆಸೆಂಕೈಮಲ್ ಕೋಶಗಳು ಸ್ರವಿಸುವ ಪ್ರೋಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಮ್ಯಾಕ್ರೊಫೇಜ್‌ಗಳನ್ನು ತಟ್ಟಿ, ಉರಿಯೂತವನ್ನು ಶಮನಗೊಳಿಸುವ ಇಂಟರ್‌ಲ್ಯೂಕಿನ್-10 ಅನ್ನು ಅವುಗಳಿಂದಲೇ ಉತ್ಪಾದಿಸುವಂತೆ ಮಾಡುತ್ತದೆ. ನೋವು, ಜ್ವರಗಳಿಗೆ ಕಾರಣವೆಂದು ನಾವು ಮಾತ್ರೆ ಕೊಟ್ಟು ತಡೆಯುವ ಪ್ರೋಸ್ಟಗ್ಲಾಂಡಿನ್ನೇ ಇಲ್ಲಿ ಶಾಂತಿದೂತನಾಗುವುದು ಶರೀರಶಾಸ್ತ್ರದ ವಿಚಿತ್ರಗಳಲ್ಲೊಂದು. ಇವುಗಳ ಜೊತೆಗೆ ಉಳಿದ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳ ಸಂಖ್ಯೆಯೂ ಏರುತ್ತದೆ.

ಕರಪತ್ರಗಳಲ್ಲಿ ಎಂದೂ ಕಾಣಿಸದ ಒಂದು ಸಂಗತಿಯೆಂದರೆ, ಈ ಗುಣಗಳು ಕೋಶದಲ್ಲಿ ಸದಾ ಜಾಗೃತವಾಗಿರುವುದಿಲ್ಲ. ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್ ಆಲ್ಫಾದಂತಹ ಉರಿಯೂತದ ಸಂಕೇತಗಳು ತಾಗಿದ ಮೇಲೆಯೇ ಅವು ಕಾರ್ಯಪ್ರವೃತ್ತವಾಗುತ್ತವೆ. ಶಾಂತವಾಗಿರುವ ದೇಹದಲ್ಲಿ ಅವು ಹೆಚ್ಚೇನೂ ಮಾಡುವುದಿಲ್ಲ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಯಾವ ರೋಗಿಗಳ ರಕ್ತದ ಕೋಶಗಳು ಏರಿಸಿದ ಕೋಶಗಳನ್ನು ಕೊಲ್ಲಬಲ್ಲವೋ ಅಂಥವರಿಗೇ ಚಿಕಿತ್ಸೆ ಫಲಿಸಿದ್ದು ಕಂಡುಬಂತು. ಸತ್ತ ಕೋಶಗಳನ್ನು ನುಂಗಿದ ಭಕ್ಷಕ ಕೋಶಗಳು ಶಮನದ ಹಾದಿ ಹಿಡಿಯುತ್ತವೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ಹೀಗಾಗಿ ಒಂದೇ ಬಾಟಲಿಯ ಕೋಶಗಳು ಒಬ್ಬರಲ್ಲಿ ಗುಣ ತೋರಿಸಿ ಮತ್ತೊಬ್ಬರಲ್ಲಿ ಸುಮ್ಮನಿರಬಹುದು, ಮತ್ತು ಒಂದು ರೋಗದಲ್ಲಿ ಸಿಕ್ಕ ಫಲವನ್ನು ಇನ್ನೊಂದು ರೋಗಕ್ಕೆ ಎರವಲು ತರಲಾಗುವುದಿಲ್ಲ.

ಈ ಕೋಶಗಳಿಗೆ ಗಟ್ಟಿಯಾದ ನೆಲೆ ಸಿಕ್ಕಿರುವುದು ಅಸ್ಥಿಮಜ್ಜೆ ಕಸಿಯ ನಂತರ ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ದಾಳಿ ಮಾಡುವ ಸ್ಥಿತಿಯಲ್ಲಿ. 2004ರಲ್ಲಿ ಸ್ವೀಡನ್ನಿನ ವೈದ್ಯರು ಇಂತಹ ತೀವ್ರ ಸ್ಥಿತಿಯಲ್ಲಿದ್ದ ಒಂಬತ್ತು ವರ್ಷದ ಬಾಲಕನಿಗೆ ಅವನ ತಾಯಿಯ ಮೆಸೆಂಕೈಮಲ್ ಕೋಶಗಳನ್ನು ಕೊಟ್ಟು ಗುಣ ಕಂಡದ್ದನ್ನು ವರದಿ ಮಾಡಿದರು. ಅಲ್ಲಿಂದ ಇಪ್ಪತ್ತು ವರ್ಷಗಳ ಬಳಿಕ, 2024ರ ಡಿಸೆಂಬರಿನಲ್ಲಿ, ಸ್ಟೀರಾಯ್ಡ್‌ಗೆ ಬಗ್ಗದ ಇಂತಹ ರೋಗವಿರುವ ಮಕ್ಕಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮೊದಲ ಮೆಸೆಂಕೈಮಲ್ ಕೋಶದ ಔಷಧಕ್ಕೆ ಅನುಮತಿ ಕೊಟ್ಟಿತು. ಪರೀಕ್ಷೆಗೊಳಗಾದ 54 ಮಕ್ಕಳಲ್ಲಿ ಶೇಕಡಾ 70ರಷ್ಟು ಮಂದಿಗೆ 28ನೇ ದಿನಕ್ಕೆ ಪೂರ್ಣವಾಗಿಯೋ ಭಾಗಶಃವಾಗಿಯೋ ಗುಣ ಕಂಡಿತ್ತು. ಅದೇ ತಿಂಗಳು ಯುರೋಪಿನಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಲ್ಲಿ ಗುದದ ಬಳಿ ಮೂಡುವ ಫಿಸ್ಟುಲಾಕ್ಕೆಂದು (ಅಸಹಜ ರಂಧ್ರ) 2018ರಿಂದ ಬಳಕೆಯಲ್ಲಿದ್ದ ಮತ್ತೊಂದು ಕೋಶ ಔಷಧವನ್ನು ಹಿಂತೆಗೆದುಕೊಳ್ಳಲಾಯಿತು. ಎರಡನೆಯ ದೊಡ್ಡ ಪರೀಕ್ಷೆಯಲ್ಲಿ ಅದರ ಲಾಭ ಸಿದ್ಧವಾಗಿರಲಿಲ್ಲ.

ರುಮಟಾಯ್ಡ್ ಸಂಧಿವಾತಕ್ಕೆ ಅನುಮತಿ ಪಡೆದ ಕಾಂಡಕೋಶ ಔಷಧ ಭಾರತದಲ್ಲಿಲ್ಲ. ಮೆಥೊಟ್ರೆಕ್ಸೇಟನ್ನು ಏಕಾಏಕಿ ನಿಲ್ಲಿಸಿದರೆ ಅದು ಅದುಮಿಟ್ಟಿದ್ದ ರೋಗ ಮತ್ತೆ ಕೆರಳಿ, ಸವೆದ ಎಲುಬು ಮರಳಿ ಬಾರದಂತಾದೀತು. ಶುದ್ಧತೆಯ ಖಾತ್ರಿಯಿಲ್ಲದ ಕೋಶಗಳಿಂದ ಸೋಂಕಿನ ಭಯವೂ ಇದೆ: ಅಮೆರಿಕದಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಚುಚ್ಚುಮದ್ದು ಪಡೆದ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದ್ದು 2018ರಲ್ಲಿ ವರದಿಯಾಗಿತ್ತು. ಬೆಳಗಿನ ಬಿಗಿತ ಹತ್ತು ಗಂಟೆಯವರೆಗೂ ಬಿಡುವುದಿಲ್ಲವೆಂದರೆ ಈಗಿನ ಔಷಧ ಸಾಲುತ್ತಿಲ್ಲ ಎಂದೇ ಅರ್ಥ. ಟಿಎನ್‌ಎಫ್ ಅನ್ನೋ ಇಂಟರ್‌ಲ್ಯೂಕಿನ್-6 ಅನ್ನೋ ನೇರವಾಗಿ ತಡೆಯುವ ಬಯೊಲಾಜಿಕ್ ಔಷಧಗಳು ನಮ್ಮಲ್ಲಿ ಸಿಗುತ್ತವೆ, ದೊಡ್ಡ ಪರೀಕ್ಷೆಗಳಲ್ಲಿ ಗೆದ್ದು ಬಂದವು. ಕರಪತ್ರದ ಕೇಂದ್ರಕ್ಕೆ ಹೋಗಿಬರುವ ಖರ್ಚನ್ನು ಉಳಿಸಿ, ಮುಂದಿನ ಭೇಟಿಯಲ್ಲಿ ಇದನ್ನೇ ಮಂಗಳೂರಿನ ವೈದ್ಯರಲ್ಲಿ ಕೇಳಿರಿ.

ಪ್ರಶ್ನೆ: ನನಗೆ 64. ಎರಡೂ ಮೊಣಕಾಲು ಸವೆದಿದೆ. ಮಂಡಿಗೆ ಹಾಕುವ ಕಾಂಡಕೋಶದ ಚುಚ್ಚುಮದ್ದಿಗೆ ಭಾರತ ಸರಕಾರವೇ ಅನುಮತಿ ಕೊಟ್ಟಿದೆ ಎನ್ನುತ್ತಾರೆ. ಹಾಗಿದ್ದರೆ ಮೇಲಿನಂತಹ ಸಂಶಯ ಇದಕ್ಕೆ ಅನ್ವಯಿಸುವುದಿಲ್ಲವಲ್ಲ? — ಮಂಜೇಶ್ವರದ ನಿವೃತ್ತ ಅಧ್ಯಾಪಕರು

ಉತ್ತರ: ಅನುಮತಿಯ ಮಾತು ನಿಜ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳಿಗೆ 2022ರಲ್ಲಿ ದೇಶದ ಔಷಧ ನಿಯಂತ್ರಕರು ಮೊಣಕಾಲಿನ ಸವೆತಕ್ಕಾಗಿ ಒಪ್ಪಿಗೆ ನೀಡಿದರು. ಅದರ ಮೂರನೆಯ ಹಂತದ ಪರೀಕ್ಷೆಯಲ್ಲಿ 146 ಮಂದಿಯಿದ್ದು, ಒಂದು ವರ್ಷದ ಅವಧಿಯಲ್ಲಿ ನೋವು, ಬಿಗಿತಗಳು ತೋರಿಕೆಯ ಚುಚ್ಚುಮದ್ದಿಗಿಂತ ಹೆಚ್ಚು ತಗ್ಗಿದವು. ಸವೆತದ ಮಂಡಿಯಲ್ಲಿಯೂ ಒಳಪೊರೆಯ ಮ್ಯಾಕ್ರೊಫೇಜ್‌ಗಳು ಸಣ್ಣ ಪ್ರಮಾಣದ ಉರಿಯೂತವನ್ನು ಜೀವಂತವಾಗಿಟ್ಟಿರುತ್ತವೆ. ಅದನ್ನು ತಣಿಸುವುದರಿಂದ ನೋವು ಕಡಿಮೆಯಾಗುತ್ತದೆ ಎಂಬುದು ತರ್ಕಕ್ಕೆ ಸರಿಹೊಂದುತ್ತದೆ.

ಆದರೆ 2023ರಲ್ಲಿ ಅಮೆರಿಕದಲ್ಲಿ ಸುಮಾರು 475 ಮಂದಿಯ ಮೇಲೆ ನಡೆದ ಹೋಲಿಕೆಯ ಪರೀಕ್ಷೆಯ ಫಲಿತಾಂಶ ಹೊರಬಂದಿತು. ಅಲ್ಲಿ ಮೂರು ಬಗೆಯ ಕೋಶಗಳಲ್ಲಿ ಒಂದಾದರೂ ಒಂದು ವರ್ಷದ ಕೊನೆಗೆ ಸಾಮಾನ್ಯ ಸ್ಟೀರಾಯ್ಡ್ ಚುಚ್ಚುಮದ್ದನ್ನು ಮೀರಿಸಲಿಲ್ಲ. ಎರಡೂ ಪರೀಕ್ಷೆಗಳ ಕೋಶಗಳು ಬೇರೆ, ಹೋಲಿಸಿದ ಔಷಧವೂ ಬೇರೆಯಾದ್ದರಿಂದ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಭಾರತದ ಅನುಮತಿಯಿರುವುದು ಎರಡನೆಯ ಮತ್ತು ಮೂರನೆಯ ದರ್ಜೆಯ ಸವೆತಕ್ಕೆ. ನಿಮ್ಮ ಎಕ್ಸ್‌ರೇಯಲ್ಲಿ ಎಲುಬಿಗೆ ಎಲುಬು ತಾಗಿದ್ದರೆ ಈ ದಾರಿ ನಿಮ್ಮದಲ್ಲ. ಮೊದಲು ದರ್ಜೆ ಯಾವುದೆಂದು ತಿಳಿದುಕೊಂಡು, ತೊಡೆಯ ಸ್ನಾಯುಗಳ ವ್ಯಾಯಾಮವನ್ನು ಮೂರು ತಿಂಗಳು ಪಟ್ಟುಹಿಡಿದು ಮಾಡಿ ನೋಡಿರಿ.

ಪ್ರಶ್ನೆ: ತಂಗಿಯ ಮಗಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ರೋಗನಿರೋಧಕ ಕೋಶಗಳು ನರಗಳ ಹೊದಿಕೆಯನ್ನೇ ಹಾಳುಮಾಡುವ ಕಾಯಿಲೆ. ಕಾಂಡಕೋಶಗಳಿಂದ ರೋಗನಿರೋಧಕ ಶಕ್ತಿಯನ್ನೇ ಹೊಸದಾಗಿ ಕಟ್ಟಬಹುದು ಎಂದು ಓದಿದೆ. ಇದೂ ಅದೇ ಚಿಕಿತ್ಸೆಯೇ? — ಕುಂಬಳೆಯ ಓದುಗರು

ಉತ್ತರ: ಅಲ್ಲ. ಇದು ರಕ್ತ ಹುಟ್ಟಿಸುವ ಕಾಂಡಕೋಶಗಳ ಕಸಿ. ಇ. ಡೊನಾಲ್ ಥಾಮಸ್ ಅವರಿಗೆ 1990ರ ನೊಬೆಲ್ ತಂದುಕೊಟ್ಟ ಅಸ್ಥಿಮಜ್ಜೆ ಕಸಿಯ ಸಂತತಿಗೇ ಸೇರಿದ್ದು. ರೋಗಿಯದೇ ಕಾಂಡಕೋಶಗಳನ್ನು ತೆಗೆದಿರಿಸಿ, ದಾರಿತಪ್ಪಿದ ಟಿ ಮತ್ತು ಬಿ ಕೋಶಗಳನ್ನು ಕೀಮೋಥೆರಪಿಯಿಂದ ಅಳಿಸಿಹಾಕಿ, ಬಳಿಕ ಆ ಕಾಂಡಕೋಶಗಳನ್ನು ಮರಳಿಸುತ್ತಾರೆ. ಥೈಮಸ್ ಗ್ರಂಥಿಯಲ್ಲಿ ಹೊಸ ಟಿ ಕೋಶಗಳು ತಯಾರಾಗಿ, ಹಳೆಯ ತಪ್ಪು ಗುರುತುಗಳಿಲ್ಲದ ಕೋಶಸಮೂಹ ಮೂಡುತ್ತದೆ. 2019ರಲ್ಲಿ ಪ್ರಕಟವಾದ 110 ಮಂದಿಯ ಪರೀಕ್ಷೆಯಲ್ಲಿ ಕಸಿಯಾದವರ ಪೈಕಿ ಮೂವರಲ್ಲಿ, ಔಷಧ ಪಡೆದವರ ಪೈಕಿ 34 ಮಂದಿಯಲ್ಲಿ ರೋಗ ಮುಂದುವರಿದಿತ್ತು. ಮರುಕಳಿಸುವ ಬಗೆಯ, ಔಷಧಕ್ಕೆ ಜಗ್ಗದ ಕಾಯಿಲೆಯಿರುವ ಎಳೆಯ ವಯಸ್ಸಿನವರಿಗೆ ಮಾತ್ರ ಇದು ಒಪ್ಪುತ್ತದೆ. ಕೀಮೋಥೆರಪಿಯ ನಂತರದ ವಾರಗಳಲ್ಲಿ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಹುದು, ಬಂಜೆತನದ ಸಾಧ್ಯತೆಯೂ ಇದೆ. ಆದ್ದರಿಂದ ಅಸ್ಥಿಮಜ್ಜೆ ಕಸಿಯಲ್ಲಿ ದೀರ್ಘ ಅನುಭವವಿರುವ, ನರರೋಗ ತಜ್ಞರೂ ಇರುವ ಆಸ್ಪತ್ರೆಯ ಹೊರತು ಬೇರೆಡೆ ಈ ಮಾತನ್ನೇ ಎತ್ತಬಾರದು.

ಪ್ರಶ್ನೆ: ನಮ್ಮ ಮಗನಿಗೆ ಹುಟ್ಟಿನಿಂದಲೇ ಮೆದುಳಿನ ತೊಂದರೆಯಿದೆ, ಹೆಸರು ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿದೆ. ಪರಿಹಾರದ ಹಣ ಬಂದಿರುವುದು ತಿಳಿದು ಒಬ್ಬರು ಮನೆಗೆ ಬಂದು, ಕಾಂಡಕೋಶ ಕೊಡಿಸಿದರೆ ನಡೆಯುತ್ತಾನೆ ಎಂದು ಮುಂಗಡ ಕೇಳಿದರು. ಏನು ಮಾಡೋಣ? — ಎಣ್ಮಕಜೆಯ ತಾಯಿ

ಉತ್ತರ: ಅಮ್ಮಾ, ಮುಂಗಡ ಕೊಡಬೇಡಿ. ಗರ್ಭದಲ್ಲಿಯೋ ಶೈಶವದಲ್ಲಿಯೋ ಮೆದುಳು ರೂಪುಗೊಳ್ಳುವಾಗ ಆದ ಹಾನಿ ಇಂದು ಉರಿಯುತ್ತಿರುವ ಉರಿಯೂತವಲ್ಲ. ಅದನ್ನು ತಣಿಸುವ ಕೋಶಗಳಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ, ಸತ್ತ ನರಕೋಶಗಳ ಸ್ಥಾನವನ್ನು ಅವು ತುಂಬುವುದೂ ಇಲ್ಲ. ಇಂತಹ ಮಕ್ಕಳಿಗೆ ಕಾಂಡಕೋಶಗಳನ್ನು ಕೊಟ್ಟು ನೋಡಿರುವ ಪರೀಕ್ಷೆಗಳು ನಡೆದಿವೆ, ಆದರೆ ನಡೆಯುತ್ತಾನೆ ಎಂದು ಮಾತು ಕೊಡುವಷ್ಟು ಫಲ ಯಾವುದರಲ್ಲಿಯೂ ಬಂದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯಂತಹ ಒಪ್ಪಿತ ಬಳಕೆಗಳನ್ನು ಬಿಟ್ಟು ಉಳಿದುದನ್ನೆಲ್ಲ ನೋಂದಾಯಿತ ಪರೀಕ್ಷೆಯಾಗಿ ಮಾತ್ರ ನಡೆಸಬಹುದು, ಮತ್ತು ಪರೀಕ್ಷೆಯಲ್ಲಿ ಭಾಗವಹಿಸುವವರಿಂದ ಚಿಕಿತ್ಸೆಯ ಹಣ ಪಡೆಯುವಂತಿಲ್ಲ. ಮನೆಗೆ ಬಂದವರು ಮತ್ತೆ ಬಂದರೆ, ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯ ಸಂಖ್ಯೆಯನ್ನು ಬರೆದುಕೊಡಲು ಹೇಳಿರಿ. ಅದನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದೂ ನಿಯಮವೇ. ನಮ್ಮ ಗಡಿನಾಡಿನಲ್ಲಿ ಇಂಗ್ಲಿಷ್ ಅಥವಾ ಮಲಯಾಳದ ಕಾಗದಕ್ಕೆ ಓದದೆ ಸಹಿ ಹಾಕುವ ರೂಢಿ ಬೆಳೆದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ, ಕೊಡದಿದ್ದರೆ ಬಾಗಿಲು ಹಾಕಿಕೊಳ್ಳಿ. ಮಗನನ್ನು ವಿಶೇಷ ಅಗತ್ಯದ ಮಕ್ಕಳಿಗಾಗಿರುವ ಪಂಚಾಯತಿನ ಬಡ್ಸ್ ಶಾಲೆಗೆ ಕಳುಹಿಸುತ್ತಿದ್ದರೆ ಅಲ್ಲಿಯ ಫಿಸಿಯೊಥೆರಪಿಯನ್ನು ತಪ್ಪಿಸಬೇಡಿ. ಬಿಗಿದುಕೊಂಡ ಸ್ನಾಯುಗಳಿಗೆ ಬೊಟುಲಿನಮ್ ಚುಚ್ಚುಮದ್ದು ಒಪ್ಪುತ್ತದೆಯೇ ಎಂದು ಮಕ್ಕಳ ನರರೋಗ ತಜ್ಞರಲ್ಲಿ ವಿಚಾರಿಸಿರಿ. ಪರಿಹಾರದ ಹಣ ಉಪಯೋಗಕ್ಕೆ ಬರಬಹುದಾದ ಜಾಗ ಅದು.