ಕಥೆಯ ನಡುವೆ ಬಾಯಿ ಹಾಕುವ ಮಕ್ಕಳು

ಕೊಪ್ಪಳ ಜಿಲ್ಲೆಯ ಶಿಕ್ಷಕಿಯವರಿಗೆ ವಂದನೆಗಳು.

ಮಕ್ಕಳು ಗುಂಪುಗಳಲ್ಲಿ ಚಟುವಟಿಕೆಯ ಮೂಲಕ ಕಲಿಯುವ ನಲಿ-ಕಲಿ ತರಗತಿಯಲ್ಲಿ ಚಿತ್ರಕಥೆಯ ಪುಸ್ತಕ ಓದಲು ಕುಳಿತರೆ ಮಕ್ಕಳು ಪುಟಪುಟಕ್ಕೂ ನಡುವೆ ಬಾಯಿ ಹಾಕುತ್ತಾರೆ, ಕಥೆ ಮುಗಿಯುವುದೇ ಇಲ್ಲ, ಆದ್ದರಿಂದ ಎಲ್ಲರನ್ನೂ ಸುಮ್ಮನಿರಿಸಿ ಪೂರ್ತಿ ಓದಿ ಆಮೇಲೆ ಪ್ರಶ್ನೆ ಕೇಳಲೇ ಎಂದು ಬರೆದಿದ್ದೀರಿ. ದಯವಿಟ್ಟು ಸುಮ್ಮನಿರಿಸಬೇಡಿ. ಆ ಮಾತು ಹೊರಡಲೆಂದೇ ಅಲ್ಲವೇ ನಾವು ಪುಸ್ತಕ ತೆರೆಯುವುದು?

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಎರಡು-ಮೂರು ವರ್ಷದ ಮಕ್ಕಳಿಗೆ ಒಂದು ಗುಂಪಿನ ಪೋಷಕರು ಎಂದಿನಂತೆ ಓದಿದರು, ಇನ್ನೊಂದು ಗುಂಪಿನವರು ಪ್ರಶ್ನೆ ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಓದಿದರು. ಎರಡೂ ಗುಂಪಿನವರು ಹೆಚ್ಚುಕಡಿಮೆ ಅಷ್ಟೇ ಸಲ ಪುಸ್ತಕ ಓದಿದರೂ, ಎರಡನೆಯ ಗುಂಪಿನವರ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದಾಗಿದ್ದರು.

ಬೆಳೆಸುವುದೆಂದರೆ ಹೀಗೆ: ಬೇಲಿಯ ಪಕ್ಕದಲ್ಲಿ ಒಂಟಿಯಾಗಿ ನಿಂತ ಕರುವಿನ ಚಿತ್ರ ತೋರಿಸಿ ‘ಏನಾಗಾಕತ್ತೈತಿ ಇಲ್ಲಿ?’ ಎಂದು ಕೇಳಿದರೆ ಮಗು ‘ಅವ್ವ ಇಲ್ಲ’ ಎನ್ನುತ್ತದೆ. ನೀವು ತಿದ್ದಬೇಡಿ, ‘ಹೌದು, ಕರುವಿನ ಹತ್ರ ಅದರವ್ವ ಇಲ್ಲ, ಅದಕ್ಕ ಬೇಲಿ ಕಡೆ ನೋಡಾಕತ್ತೈತಿ’ ಎಂದು ಮಗುವಿನ ಮಾತಿಗೇ ಎರಡು ಮಾತು ಸೇರಿಸಿ, ಅದನ್ನು ಮಗುವಿನಿಂದಲೂ ಹೇಳಿಸಿ, ಆ ಬಳಿಕ ಅಚ್ಚಾದ ಸಾಲನ್ನು ಬೆರಳಿಟ್ಟು ಓದಿರಿ. ಮನೆಯ ಮಾತಿನಿಂದ ಪುಸ್ತಕದ ಮಾತಿಗೆ ಮಗು ನಡೆದುಬರುವ ದಾರಿ ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆದರೂ ನಿಮ್ಮ ಆತಂಕದಲ್ಲಿ ನ್ಯಾಯವಿದೆ, ಪುಟಕ್ಕೆ ಐದು ಪ್ರಶ್ನೆ ಕೇಳಿದರೆ ಕಥೆಯ ಎಳೆ ಕಡಿದುಹೋಗುತ್ತದೆ. ಮೊದಲ ದಿನ ಕಥೆ ಓಡಲಿ, ಒಂದೆರಡು ಕಡೆ ಮಾತ್ರ ನಿಲ್ಲಿಸಿ. ಅದೇ ಪುಸ್ತಕವನ್ನು ಮೂರು-ನಾಲ್ಕು ದಿನ ಓದಿ. ಮಕ್ಕಳಿಗೆ ಅದು ಬೇಸರವಲ್ಲ, ಮುಂದೇನೆಂದು ಗೊತ್ತಿರುವುದೇ ಅವರ ಹಿಗ್ಗು. ಎರಡನೆಯ ದಿನ ವಾಕ್ಯದ ಕೊನೆಯ ಪದವನ್ನು ಅವರಿಗೇ ಬಿಡಿ, ಮೂರನೆಯ ದಿನ ‘ನಿಮ್ಮ ಮನ್ಯಾಗ ಕರು ಕಳೆದಿತ್ತೇನು?’ ಎಂದು ಕೇಳಿ. ಮೂವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ; ನಲಿ-ಕಲಿಯಲ್ಲಿ ಗುಂಪುಗಳು ಹೇಗೂ ಇವೆ, ಉಳಿದವರು ತಮ್ಮ ಚಟುವಟಿಕೆಯಲ್ಲಿದ್ದಾಗ ಏಳೆಂಟು ಮಕ್ಕಳನ್ನು ಚಿತ್ರ ಕಾಣುವಷ್ಟು ಹತ್ತಿರ ಕರೆದುಕೊಳ್ಳಿ.

ತುಟಿಯನ್ನೇ ಬಿಚ್ಚದ ಹುಡುಗಿಯ ಬಗ್ಗೆಯೂ ಕೇಳಿದ್ದೀರಿ. ಅವಳನ್ನು ಪ್ರಶ್ನಿಸದೆ ಪಕ್ಕದಲ್ಲಿ ಕೂರಿಸಿಕೊಂಡು ಪುಟ ತಿರುಗಿಸುವ ಕೆಲಸ ಕೊಡಿ, ಅವಳು ಬೆರಳಿಟ್ಟ ಚಿತ್ರವನ್ನೇ ಉತ್ತರವೆಂದು ತೆಗೆದುಕೊಂಡು ಅದರ ಮಾತನ್ನು ನೀವೇ ಹೇಳಿ, ಅವಳು ಮತ್ತೆ ಬೆರಳಿಡುವವರೆಗೆ ಕಾಯಿರಿ.